ರೇಡಿಯಂ ಇಲ್ಲದ ರೇಡಿಯಂ ಅಕ್ಷರ

ಬೆಂಗಳೂರಿನ ಟೌನ್‌ಹಾಲ್ ಬಳಿ ಬಸ್ಸಿಳಿದು, ರವೀಂದ್ರ ಕಲಾಕ್ಷೇತ್ರದ ಮುಂದೆ ಹಾದು ಮಿನರ್ವ ವೃತ್ತದ ಕಡೆಗೆ ಜೆ.ಸಿ. ರಸ್ತೆಯಲ್ಲಿ ನಡೆದರೆ ಕಿವಿಗೆ ಹಾರನ್ನು, ಮೂಗಿಗೆ ಹೊಸ ರೆಕ್ಸಿನ್ನಿನ ವಾಸನೆ. ವಾಹನಗಳ ಬಿಡಿಭಾಗಗಳಿಗೆ ಹೆಸರಾದ ರಸ್ತೆ ಇದು. ಸೀಟ್ ಕವರ್ ಅಂಗಡಿಗಳ ನಡುವೆ ಅಲ್ಲಲ್ಲಿ ‘ರೇಡಿಯಂ ಕಟಿಂಗ್’ ಎಂಬ ಬೋರ್ಡು. ಆಟೋದ ಬೆನ್ನಿಗೆ ಮಕ್ಕಳ ಹೆಸರು, ಬೈಕಿನ ಟ್ಯಾಂಕಿಗೆ ದೇವರ ಹೆಸರು ಹಾಕಿಸಲು ಬರುವವರೇ ಹೆಚ್ಚು. ಆದರೆ ಹೊಸ ಮನೆ ಕಟ್ಟಿಸಿದವರೂ ಬರುತ್ತಾರೆ. ಬಾಗಿಲ ಮೇಲಿನ ಗಾಜಿಗೆ ‘ಗುರುಕೃಪಾ’, ದೇವರ ಕೋಣೆಯ ಕದಕ್ಕೆ ‘ಶ್ರೀ’, ತೊಟ್ಟಿಲ ಹಿಂದಿನ ಹಲಗೆಗೆ ಮಗುವಿನ ಹೆಸರು.

ಹೆಸರೇನೋ ರೇಡಿಯಂ; ಒಳಗೆ ಅದರ ಒಂದು ಕಣವೂ ಇಲ್ಲ. ಕ್ಯೂರಿ ದಂಪತಿಗಳು 1898ರಲ್ಲಿ ಕಂಡುಹಿಡಿದ ಆ ವಿಕಿರಣಶೀಲ ಧಾತುವನ್ನು ಒಂದು ಕಾಲದಲ್ಲಿ ಗಡಿಯಾರದ ಅಂಕಿಗಳು ಕತ್ತಲಲ್ಲಿ ಬೆಳಗಲೆಂದು ಬಳಿಯುತ್ತಿದ್ದರು. ಅಮೆರಿಕದಲ್ಲಿ ಆ ಕೆಲಸ ಮಾಡುತ್ತಿದ್ದ ಹೆಣ್ಣುಮಕ್ಕಳು ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡಿಕೊಳ್ಳುತ್ತಿದ್ದರು. ದವಡೆಯ ಮೂಳೆ ಕೊಳೆತು ಹಲವರು ಸತ್ತರು. ನಮ್ಮ ಸ್ಟಿಕರಿನ ಹೊಳಪಿಗೂ ಅದಕ್ಕೂ ಸಂಬಂಧವಿಲ್ಲ. ಅದರೊಳಗಿನ ಸೂಕ್ಷ್ಮ ಗಾಜಿನ ಮಣಿಗಳು ಬೆಳಕನ್ನು ಬಂದ ದಿಕ್ಕಿಗೇ ಹಿಂತಿರುಗಿಸುತ್ತವೆ, ಅಷ್ಟೇ. ಇನ್ನು ಮನೆಬಾಗಿಲಿಗೆ ಹಾಕುವುದು ಹೊಳೆಯದ ಬರೀ ವಿನೈಲ್. ನೀರಿನ ಪೈಪಿನ ಪಿ.ವಿ.ಸಿ.ಯನ್ನೇ ರಾಸಾಯನಿಕ ಬೆರೆಸಿ ಮೆದುಗೊಳಿಸಿ, ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ತೆಳ್ಳಗೆ ಮಾಡಿದ ಹಾಳೆ. ಹಿಂದೆ ಅಂಟು, ಅದರ ಹಿಂದೆ ಸಿಲಿಕೋನ್ ಸವರಿದ ನುಣುಪು ಕಾಗದ. ಆದರೂ ಜನರ ಬಾಯಲ್ಲಿ ಅದೂ ರೇಡಿಯಮ್ಮೇ!

ಈಗ ಹೆಚ್ಚಿನ ಅಂಗಡಿಗಳಲ್ಲಿ ಕೊಯ್ಯುವುದು ಕಂಪ್ಯೂಟರಿಗೆ ಜೋಡಿಸಿದ ಯಂತ್ರ. ಅಡ್ಡರಸ್ತೆಯ ಒಂದು ಚಿಕ್ಕ ಅಂಗಡಿಯಲ್ಲಿ ಮಾತ್ರ ಎಲ್ಲರೂ ‘ಭಾಯ್’ ಎಂದು ಕರೆಯುವ ಹಿರಿಯರೊಬ್ಬರು ಇನ್ನೂ ಬ್ಲೇಡು ಹಿಡಿದು ಕೂರುತ್ತಾರೆ. ಮೇಲಿನ ಹಾಳೆ ಕೊಯ್ಯಬೇಕು, ಕೆಳಗಿನ ಕಾಗದಕ್ಕೆ ಗಾಯವಾಗಬಾರದು; ಇಡೀ ವಿದ್ಯೆ ಇರುವುದು ಆ ಒತ್ತಡದಲ್ಲಿ. ಇಂಗ್ಲಿಷಿನ ಎಚ್, ಎಲ್‌ಗಳನ್ನು ಸ್ಕೇಲು ಇಟ್ಟು ಕೊಯ್ದು ಎಸೆಯಬಹುದು. ಕನ್ನಡಕ್ಕೆ ಸ್ಕೇಲು ಎಲ್ಲಿಂದ ಬರಬೇಕು? ಎಲ್ಲವೂ ದುಂಡು. ಭಾಯ್ ಕೈ ತಿರುಗಿಸುವುದಿಲ್ಲ, ಹಾಳೆಯನ್ನೇ ತಿರುಗಿಸುತ್ತಾರೆ. ತಾಳೆಗರಿ ಸೀಳಬಾರದೆಂದು ದುಂಡಗಾದವಂತೆ ನಮ್ಮ ಅಕ್ಷರಗಳು. ಅವನ್ನೇ ಇಲ್ಲಿ ಸೀಳಬೇಕು.

ಕೊಯ್ದಾದ ಮೇಲೆ ಬೇಡದ್ದನ್ನು ಎಬ್ಬಿಸಿ ತೆಗೆಯುವ ಕೆಲಸ. ಇದರಲ್ಲೇ ಕನ್ನಡ ಬಲ್ಲವರು, ಬಾರದವರು ಗೊತ್ತಾಗುವುದು. ‘ಠ’ದ ಹೊಟ್ಟೆಯೊಳಗಿನ ಚುಕ್ಕೆ ಕಸವಲ್ಲ, ಅಕ್ಷರ, ಅದನ್ನು ಕಿತ್ತರೆ ಕೆಟ್ಟಿತು. ‘ಧ’ದ ಬುಡದ ಸಣ್ಣ ಗೀರು ಹೋದರೆ ಮನೆಯ ‘ಧನಲಕ್ಷ್ಮಿ’ ‘ದನಲಕ್ಷ್ಮಿ’ಯಾಗಿ ಬಾಗಿಲಲ್ಲಿ ನಿಲ್ಲುತ್ತಾಳೆ. ಯಂತ್ರಕ್ಕೆ ಇದರ ಗೊಡವೆಯಿಲ್ಲ. ಒಂದು ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ್ದನ್ನು ಇನ್ನೊಂದರಲ್ಲಿ ತೆರೆದಾಗ ಒತ್ತಕ್ಷರ ಚದುರಿಹೋದರೆ, ಚದುರಿದ್ದನ್ನೇ ಅದು ಬಲು ಅಂದವಾಗಿ ಕೊಯ್ದುಕೊಡುತ್ತದೆ. ತಪ್ಪು ಯಂತ್ರದ್ದಲ್ಲ, ಮುಂದೆ ಕೂತು ಓದದವರದು.

ಒಂದು ಮಧ್ಯಾಹ್ನ ನಡುವಯಸ್ಸಿನ ಹೆಂಗಸೊಬ್ಬರು ಸುರುಳಿ ಸುತ್ತಿದ ಬಟರ್ ಪೇಪರ್ ಹಿಡಿದು ಬಂದರು. ಮನೆಯ ಹೆಸರು ‘ಮಾತೃಛಾಯಾ’. ವಟ್ರಸುಳಿ ಉದುರಿ ‘ಮಾತಛಾಯಾ’ ಆಗಿದೆ. ಬಿಸಿಲಿಗೆ ಸೆಟೆದು ‘ಛಾ’ ಕೂಡ ಎದ್ದುಬಂದಿದೆ. ಗಾಜಿನ ಮೇಲೆ ಉಳಿದ ಅಂಟಿನ ಕಲೆಯನ್ನೇ ಪೆನ್ಸಿಲಿನಲ್ಲಿ ನಕಲೆತ್ತಿಕೊಂಡು ತಂದಿದ್ದರು. ಯಂತ್ರದ ಅಂಗಡಿಯ ಹುಡುಗ, ಈ ಅಕ್ಷರ ಯಾವ ಫಾಂಟಿಗೂ ಹೊಂದುವುದಿಲ್ಲ, ಪೂರ್ತಿ ಹೊಸದೇ ಮಾಡಿಸಿ ಎಂದನಂತೆ.

“ಹೊಸದು ಬೇಡ ಭಾಯ್. ಇದು ನಮ್ಮ ತಂದೆ ಮನೆಯಲ್ಲೇ ಕೂತು ಕೊಯ್ದಿದ್ದು. ಅವರಿಲ್ಲ ಈಗ.”

ಭಾಯ್ ಕಾಗದವನ್ನು ಬೆಳಕಿಗೆ ಹಿಡಿದರು. ‘ಛ’ದ ತಿರುವಿನಲ್ಲೊಂದು ಸಣ್ಣ ಮೂಲೆ ಚಾಚಿಕೊಂಡಿತ್ತು.

“ಇಲ್ಲಿ ಬ್ಲೇಡು ಜಾರಿದೆ ಅಮ್ಮ. ದುಂಡಗೆ ಮಾಡ್ಲಾ?”

“ಬೇಡ, ಹಾಗೇ ಇರ್ಲಿ.”

ಕೊಯ್ದದ್ದು ಇಪ್ಪತ್ತು ನಿಮಿಷ. ಜಾರಿದ ಜಾಗದಲ್ಲಿ ಅವರ ಬ್ಲೇಡೂ ಒಮ್ಮೆ ನಿಂತು, ಬೇಕೆಂದೇ ಜಾರಿತು. ಎರಡೂ ತುಂಡುಗಳ ಮೇಲೆ ಎತ್ತುವ ಟೇಪು ಹಚ್ಚಿ, ಹಣಕ್ಕಿಂತ ಮೊದಲು ಸೂಚನೆ ಕೊಟ್ಟರು. ಹಳೇ ಅಂಟಿಗೆ ತೆಂಗಿನೆಣ್ಣೆ ಸವರಿ ನೆನೆಸಿ ತೆಗೆಯಬೇಕು. ಆಮೇಲೆ ಸೋಪು ಹಾಕಿ ಚೆನ್ನಾಗಿ ತೊಳೆಯಬೇಕು, ಎಣ್ಣೆಯ ಪಸೆ ಉಳಿದರೆ ಕೂರುವುದಿಲ್ಲ. ಎರಡು ಹನಿ ಸೋಪು ಬೆರೆಸಿದ ನೀರು ಚಿಮುಕಿಸಿ ಇಟ್ಟರೆ ಬೇಕಾದ ಕಡೆ ಸರಿಸಿಕೊಳ್ಳಬಹುದು. ಸರಿಯಾಗಿ ಕೂತ ಮೇಲೆ ಹಳೆಯ ಎ.ಟಿ.ಎಂ. ಕಾರ್ಡಿನಿಂದ ನಡುವಿನಿಂದ ಅಂಚಿಗೆ ಉಜ್ಜಿ ನೀರು ಹೊರಡಿಸಬೇಕು.

“ಟೇಪು ಅವಸರದಲ್ಲಿ ಕೀಳ್ಬೇಡಿ ಅಮ್ಮ. ನೀರು ಆರೋವರೆಗೂ ಬಿಡಿ. ವಟ್ರಸುಳಿ ಸಣ್ಣದು, ಟೇಪಿನ ಜೊತೇಲೇ ಬಂದುಬಿಡತ್ತೆ.”