ಅಪ್ಪನ ಗಾಡಿಯ ದನಿ

ತಂದೆಯವರು ನಮಗೆ ಬಿಟ್ಟುಹೋದದ್ದು ಅಂಕೋಲೆಯ ಮನೆ ಮತ್ತು 1089 ಸಿ.ಸಿ.ಯ ಒಂದು ಪ್ರೀಮಿಯರ್ ಪದ್ಮಿನಿ ಕಾರು. ಸಂಜೆ ಅವರು ಕಾರವಾರದಿಂದ ಬಿಣಗಾ ಘಟ್ಟ ಹತ್ತಿಳಿದು ಬರುವಾಗ, ಗಾಡಿ ಓಣಿ ತಿರುಗುವ ಮೊದಲೇ ದನಿ ಗುರುತಿಸಿ ಆಯಿ ಚಹಾಕ್ಕೆ ನೀರಿಡುತ್ತಿದ್ದಳು.

ನನಗೋ ವೇಗದ ಹುಚ್ಚು. ಹಳೆಯ ಕ್ಯಾಮ್‌ಶಾಫ್ಟ್ ತೆಗೆಸಿ, ವಾಲ್ವ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುವ ಬೇರೊಂದನ್ನು ಹಾಕಿಸಿದೆ. ಹೆದ್ದಾರಿಯಲ್ಲಿ ಗಾಡಿ ಹಾರಿತು, ನಿಜ. ಆದರೆ ನಿಂತಲ್ಲಿ ಕೆಮ್ಮತೊಡಗಿತು. ಎಂಜಿನ್ನು ನಿಧಾನವಾಗಿ ತಿರುಗುವಾಗ ಒಳಬರುವ, ಹೊರಹೋಗುವ ಬಾಗಿಲುಗಳೆರಡೂ ಬಹಳ ಹೊತ್ತು ಒಟ್ಟಿಗೆ ತೆರೆದಿದ್ದರೆ, ಸುಟ್ಟ ಹೊಗೆ ಹೊಸ ಪೆಟ್ರೋಲು-ಗಾಳಿಯಲ್ಲಿ ಬೆರೆತು ಉರಿ ಮಂಕಾಗುತ್ತದೆ. ಕಾರ್ಬುರೇಟರಿನ ತಿರುಪನ್ನು ಎಷ್ಟು ತಿರುಗಿಸಿದರೂ ಆ ದೋಷ ಹೋಗಲಿಲ್ಲ.

ಆಯಿ ಬಯ್ಯಲಿಲ್ಲ. “ಈಗ ಪರರು ಯಾರೋ ಬಂದ ಹಾಗೆ ಕೇಳಿಸುತ್ತದೆ, ಮಗಾ” ಎಂದಳು, ಅಷ್ಟೇ.

ಮರುವಾರವೇ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟಿದ್ದ ಹಳೆಯದನ್ನು ಹೊರತೆಗೆದೆ. ಕ್ರ್ಯಾಂಕ್ ಎರಡು ಸುತ್ತು ತಿರುಗಿದಾಗ ಕ್ಯಾಮ್ ತಿರುಗುವುದು ಒಂದೇ ಸುತ್ತು. ಸರಪಳಿ ಒಂದು ಹಲ್ಲು ಜಾರಿ ಕೂತರೂ ಲೆಕ್ಕ ಕೆಡುತ್ತದೆ. ಮೇಸ್ತ್ರಿ ಗುರುತುಗಳನ್ನು ಎರಡೆರಡು ಸಲ ಸರಿಹೊಂದಿಸಿ ನೋಡಿ, ವಾಲ್ವ್‌ಗಳ ಸಂದು ಅಳೆದು, ಕೊನೆಗೆ ಕಾರ್ಬುರೇಟರನ್ನು ಹದಗೊಳಿಸಿದ.

ಆ ಸಂಜೆ ನಾನು ಗಾಡಿ ನಿಲ್ಲಿಸಿ ಅಂಗಳ ಹೊಕ್ಕಾಗ, ಒಲೆಯ ಮೇಲೆ ಚಹಾ ಕುದಿಯುತ್ತಿತ್ತು.