ಎರಡು ದಿಕ್ಕುಗಳ ಮಸೀದಿ

ನಮ್ಮೂರಿನ ಮಸೀದಿಯಲ್ಲಿ ನಮಾಜಿಗೆ ನಿಲ್ಲುವುದು ಪಶ್ಚಿಮಕ್ಕೆ ಮುಖ ಮಾಡಿ. ಹಾಗಾಗಿ "ಮದೀನಾದಲ್ಲಿ ಯಾವ ದಿಕ್ಕು?" ಎಂದು ತರಗತಿಯಲ್ಲಿ ಕೇಳಿದರೆ ಮಕ್ಕಳು ಥಟ್ಟನೆ ಪಶ್ಚಿಮವೆನ್ನುತ್ತಾರೆ. ಅಟ್ಲಾಸ್ ಬಿಡಿಸಿ ನೋಡಿ. ಮದೀನಾದಿಂದ ಮೆಕ್ಕಾ ಇರುವುದು ದಕ್ಷಿಣಕ್ಕೆ, ಸುಮಾರು 340 ಕಿ.ಮೀ. ದೂರದಲ್ಲಿ.

ಮೊದಲು ಅದು ದಕ್ಷಿಣವೂ ಆಗಿರಲಿಲ್ಲ. ಪ್ರವಾದಿ ಮುಹಮ್ಮದರು ಮೆಕ್ಕಾ ಬಿಟ್ಟು ಬಂದದ್ದು ಕ್ರಿ.ಶ. 622ರಲ್ಲಿ. ಊರ ಹೊರಗಿನ ಕುಬಾದಲ್ಲಿ ಮೊದಲ ಮಸೀದಿ ಎದ್ದಿತು. ಆಮೇಲೆ ಊರೊಳಗೆ ಪ್ರವಾದಿಯವರ ಮಸೀದಿ: ಹಸಿ ಇಟ್ಟಿಗೆಯ ಗೋಡೆ, ಖರ್ಜೂರದ ಮರದ ಕಂಬ, ಅದರದೇ ಗರಿಯ ಚಾವಣಿ. ಆಗ ಪ್ರಾರ್ಥನೆ ಜೆರುಸಲೇಮಿನ ಕಡೆಗೆ, ಅಂದರೆ ಉತ್ತರಕ್ಕೆ, ತುಸು ಪಶ್ಚಿಮಕ್ಕೆ ವಾಲಿ. 624ರಲ್ಲಿ ಈ ದಿಕ್ಕು, ಅಂದರೆ ಕಿಬ್ಲಾ, ಮೆಕ್ಕಾದತ್ತ ಬದಲಾಯಿತು. ನಮಾಜಿನ ನಡುವೆಯೇ ಜನ ತಿರುಗಿ ನಿಂತರೆಂದು ಪರಂಪರೆ ಹೇಳುವ ಜಾಗವೇ ಮಸ್ಜಿದ್ ಅಲ್-ಕಿಬ್ಲತೈನ್, ಎರಡು ಕಿಬ್ಲಾಗಳ ಮಸೀದಿ. ಎಷ್ಟು ತಿರುಗಿದರು? ಲೆಕ್ಕ ಹಾಕಿದೆ, ಸುಮಾರು 155 ಡಿಗ್ರಿ. ಮುಂದಿನ ಸಾಲು ಹಿಂದಾಗಲೇಬೇಕು!

ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ಸಂಗತಿ. ಪ್ರವಾದಿಯವರ ಮಸೀದಿಯಲ್ಲಿ ಹೀಗೆ ಹಿಂದಾಗಿಹೋದ ಉತ್ತರದ ಚಪ್ಪರ ವ್ಯರ್ಥವಾಗಲಿಲ್ಲ. ಮನೆಯಿಲ್ಲದ ಬಡವರು ಅಲ್ಲೇ ಮಲಗಿ, ಅಲ್ಲೇ ಕಲಿತರು. ಅದಕ್ಕೆ 'ಸುಫ್ಫಾ' ಎಂದು ಹೆಸರು. ಮೇಷ್ಟರ ಕಣ್ಣಿಗೆ ಅದು ಉಚಿತ ವಿದ್ಯಾರ್ಥಿನಿಲಯದಂತೆಯೇ ಕಾಣುತ್ತದೆ.

1980ರ ದಶಕದಲ್ಲಿ ಈಜಿಪ್ಟಿನ ವಾಸ್ತುಶಿಲ್ಪಿ ಅಬ್ದೆಲ್ ವಾಹಿದ್ ಅಲ್-ವಕೀಲ್ ಕುಬಾ, ಕಿಬ್ಲತೈನ್ ಎರಡಕ್ಕೂ ಹೊಸ ರೂಪ ಕೊಟ್ಟರು. ಕಿಬ್ಲತೈನ್‌ನಲ್ಲಿ ಜೆರುಸಲೇಮಿನ ದಿಕ್ಕು ತೋರುತ್ತಿದ್ದ ಹಳೆಯ ಗೋಡೆಗೂಡು ಆಗ ಹೋಯಿತು. ಉಳಿಸಿದ್ದರೆ ಚೆನ್ನಿತ್ತು. ಈಗ ಅಲ್ಲಿ ಆ ಮೊದಲ ದಿಕ್ಕಿನ ನೆನಪಿಗೆ ಎರಡನೆಯ ಗುಮ್ಮಟವೊಂದಿದೆ.