ಮನೆಯ ಸಂಪರ್ಕವೋ, ಕಚೇರಿಯ ಸಂಪರ್ಕವೋ?

ಹೊಸ ಇಂಟರ್‌ನೆಟ್ ಸಂಪರ್ಕಕ್ಕೆ ಅರ್ಜಿ ತುಂಬುವಾಗ ಒಂದು ಪ್ರಶ್ನೆ ಎದುರಾಗುತ್ತದೆ: ಗೃಹಬಳಕೆಗೋ, ವಾಣಿಜ್ಯ ಬಳಕೆಗೋ? ವಿದ್ಯುತ್ತಿಗೂ ಅಡುಗೆ ಅನಿಲಕ್ಕೂ ಇಂಥದೇ ವಿಂಗಡಣೆಯಿದೆ. ಅಲ್ಲಿ ಉತ್ತರ ಸುಲಭ. ಒಲೆ ಮನೆಯದೋ ಹೋಟೆಲಿನದೋ ಎಂಬುದು ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಹಗಲು ಕಚೇರಿಯಾಗಿ, ರಾತ್ರಿ ಮಕ್ಕಳು ಮಲಗುವ ಕೋಣೆಯಾಗುವ ಜಾಗವನ್ನು ಯಾವ ಪಟ್ಟಿಗೆ ಸೇರಿಸುವುದು?

ನಮ್ಮದು ಬಂಟ್ವಾಳ ತಾಲೂಕಿನ ಹಳ್ಳಿಯ ಕೂಡುಕುಟುಂಬ. ಕಿರಿಯ ಸೊಸೆ ಬಿ.ಕಾಂ. ಓದಿದವಳು. ಬೆಂಗಳೂರಿನ ಒಂದು ಸಂಸ್ಥೆಯ ಲೆಕ್ಕಪತ್ರಗಳನ್ನು ಮನೆಯಿಂದಲೇ ನೋಡಿಕೊಳ್ಳುತ್ತಾಳೆ. ಮಗು ಹುಟ್ಟಿದ ಬಳಿಕ ನಿಂತುಹೋಗಿದ್ದ ದುಡಿಮೆ ಮತ್ತೆ ಶುರುವಾದದ್ದು ಈ ಸಂಪರ್ಕದ ಬಲದಿಂದಲೇ. ಕಳೆದ ಮಳೆಗಾಲದಲ್ಲಿ ಮರವೊಂದು ಬಿದ್ದು ಫೈಬರ್ ತುಂಡಾಯಿತು. ಸರಿಯಾಗಲು ಮೂರು ದಿನ ಹಿಡಿಯಿತು. ನಮಗೆಲ್ಲ ಅದು ಬೇಸರದ ಸಂಗತಿ; ಅವಳಿಗೆ ಮೂರು ದಿನದ ಸಂಬಳ. ಹೆಚ್ಚು ಹಣ ಕೊಟ್ಟು ಬಿಸಿನೆಸ್ ಸಂಪರ್ಕ ಪಡೆಯಬಾರದೇಕೆ ಎಂಬ ಚರ್ಚೆ ಮನೆಯಲ್ಲಿ ಹುಟ್ಟಿದ್ದು ಆಗ.

ವಿಚಾರಿಸಲು ಕರೆಸಿದ ಕಂಪೆನಿಯ ಪ್ರತಿನಿಧಿ ಮೊದಲು ಕೇಳಿದ್ದು, "ನಿಮ್ಮಲ್ಲಿ ಬಿಸಿನೆಸ್ ಮಾಡುವವರು ಯಾರು?" ಎಂದು. ಕೇಳುವಾಗ ಅವರ ಕಣ್ಣು ಇದ್ದದ್ದು ಗಂಡಸರ ಕಡೆ. ಒಬ್ಬರಿಗೆ ಪೇಟೆಯಲ್ಲಿ ಅಂಗಡಿ, ಇನ್ನೊಬ್ಬರು ದಮಾಮ್‌ನಲ್ಲಿ. ಇಬ್ಬರ ಸಂಪಾದನೆಗೂ ಮನೆಯ ಇಂಟರ್‌ನೆಟ್ ಬೇಕಿಲ್ಲ. ಬೇಕಾದವಳು ಬಾಗಿಲ ಬಳಿಯೇ ನಿಂತಿದ್ದಳು. ಮುಂದಿನ ಪ್ರಶ್ನೆಗಳನ್ನೆಲ್ಲ ಕೇಳಿದವಳು ಅವಳೇ.

ಅವಳು ಕೇಳಿ ತಿಳಿದ ಸಂಗತಿಗಳು ಇತರರಿಗೂ ಉಪಯೋಗವಾದೀತು. ಮನೆಗೆ ಬರುವ ಫೈಬರಿನಲ್ಲಿ ಸಾಮಾನ್ಯವಾಗಿ ಒಂದು ಎಳೆಯನ್ನು 32 ಅಥವಾ 64 ಮನೆಗಳಿಗೆ ಹಂಚಿರುತ್ತಾರೆ. ಹೆಚ್ಚು ಬಳಕೆಯಲ್ಲಿರುವ ಜಿಪಾನ್ ವ್ಯವಸ್ಥೆಯಲ್ಲಿ ಆ ಎಳೆಯ ಒಟ್ಟು ಸಾಮರ್ಥ್ಯ ಡೌನ್‌ಲೋಡಿಗೆ ಸುಮಾರು 2.5 ಗಿಗಾಬಿಟ್, ಅಪ್‌ಲೋಡಿಗೆ ಅದರ ಅರ್ಧ. ಸಣ್ಣ ವ್ಯಾಪಾರಿಗಳಿಗೆ ಕೊಡುವ ಬಿಸಿನೆಸ್ ಬ್ರಾಡ್‌ಬ್ಯಾಂಡ್ ಕೂಡ ಬಹಳ ಕಡೆ ಇದೇ ಎಳೆಯಲ್ಲಿ ಬರುತ್ತದೆ. ಯಾರೊಂದಿಗೂ ಹಂಚಿಕೊಳ್ಳದ ಲೀಸ್ಡ್ ಲೈನ್ ಬೇರೆಯೇ. ಅದರ ಬೆಲೆ ಮನೆಯವರ ಕೈಗೆಟುಕುವಂಥದ್ದಲ್ಲ.

ಹಾಗಾದರೆ ಹೆಚ್ಚಿನ ಹಣ ಯಾತಕ್ಕೆ? ಒಂದು, ಬದಲಾಗದ ವಿಳಾಸಕ್ಕೆ, ಅಂದರೆ ಸ್ಟ್ಯಾಟಿಕ್ ಐಪಿಗೆ. ಗೃಹ ಸಂಪರ್ಕಗಳಲ್ಲಿ ಹಲವು ಮನೆಗಳು ಒಂದೇ ವಿಳಾಸವನ್ನು ಹಂಚಿಕೊಳ್ಳುವುದುಂಟು. ಮನೆಯಲ್ಲಿ ಸರ್ವರ್ ಇಟ್ಟವರಿಗೆ, ಗೊತ್ತಾದ ವಿಳಾಸದಿಂದ ಮಾತ್ರ ಪ್ರವೇಶ ಕೊಡುವ ಕಚೇರಿಯ ನೌಕರರಿಗೆ ಪ್ರತ್ಯೇಕ ವಿಳಾಸ ಬೇಕು. ಹೊರಗುತ್ತಿಗೆ ಸಂಸ್ಥೆಗಳ ಮೇಲಿದ್ದ ಇಂಥ ಷರತ್ತುಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆ 2020ರ ನವೆಂಬರ್‌ನಲ್ಲಿ ಸಡಿಲಿಸಿತು. ಸೊಸೆಯ ಸಂಸ್ಥೆಯೂ ಅದನ್ನು ಕೇಳುವುದಿಲ್ಲ.

ಎರಡು, ತೆರಿಗೆಯ ಅನುಕೂಲಕ್ಕೆ. ಇಂಟರ್‌ನೆಟ್ ಬಿಲ್ಲಿನ ಮೇಲೆ ಶೇ. 18 ಜಿಎಸ್‌ಟಿ ಇದೆ. ಸಾವಿರ ರೂಪಾಯಿಯ ಯೋಜನೆಗೆ ಕೊಡಬೇಕಾದದ್ದು 1,180. ಜಿಎಸ್‌ಟಿ ನೋಂದಣಿ ಇರುವ ವ್ಯಾಪಾರಿ ಆ 180 ರೂಪಾಯಿಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಬಹುದು. ಸಂಬಳಕ್ಕೆ ದುಡಿಯುವವರಿಗೆ ಆ ದಾರಿಯಿಲ್ಲ.

ಮೂರನೆಯದೇ ಮುಖ್ಯ: ದುರಸ್ತಿಯ ಭರವಸೆ. ತಿಂಗಳಿಗೆ ಶೇ. 99.5 ಸಮಯ ಸಂಪರ್ಕ ಇರುತ್ತದೆ ಎಂದು ಕರಾರಿನಲ್ಲಿ ಬರೆದಿದ್ದರೆ, ಮೂವತ್ತು ದಿನಗಳ 720 ಗಂಟೆಗಳಲ್ಲಿ ಮೂರು ಗಂಟೆ ಮೂವತ್ತಾರು ನಿಮಿಷ ಮಾತ್ರ ಕಡಿತವಾಗಬಹುದು ಎಂದರ್ಥ. ಕೇಳಲು ಇಂಪಾಗಿದೆ. ಮಾತು ತಪ್ಪಿದರೆ? ಸಾಮಾನ್ಯವಾಗಿ ಸಿಗುವುದು ಬಾಡಿಗೆಯಲ್ಲಿ ಒಂದಿಷ್ಟು ರಿಯಾಯಿತಿ. ಕಳೆದುಹೋದ ದಿನಗೂಲಿಯನ್ನು ಯಾರೂ ತುಂಬಿಕೊಡುವುದಿಲ್ಲ. ಬರಹದಲ್ಲಿ ಇಲ್ಲದೆ ಬಾಯಿಮಾತಿನಲ್ಲಷ್ಟೇ ಇರುವ ಭರವಸೆಗಂತೂ ಬೆಲೆಯೇ ಇಲ್ಲ.

ಕೈಕಂಬದ ಬಳಿ ಬಿಸಿನೆಸ್ ಸಂಪರ್ಕ ಪಡೆದಿರುವ ಪರಿಚಯದ ಅಂಗಡಿಯವರನ್ನು ವಿಚಾರಿಸಿದೆವು. ಆ ಮೂರು ದಿನ ಅವರಲ್ಲೂ ಇಂಟರ್‌ನೆಟ್ ಇರಲಿಲ್ಲ. ಮರ ಬೀಳುವಾಗ ಯಾರು ಎಷ್ಟು ಬಾಡಿಗೆ ಕೊಡುತ್ತಾರೆಂದು ನೋಡಿ ಬೀಳುವುದಿಲ್ಲವಲ್ಲ! ಎರಡೂ ಬಗೆಯ ಗಿರಾಕಿಗಳಿಗೆ ನಮ್ಮ ಭಾಗದಲ್ಲಿ ಏಣಿ ಹೊತ್ತು ಬರುವವನು ಒಬ್ಬನೇ ಲೈನ್‌ಮ್ಯಾನ್. ಪೇಟೆಯಲ್ಲಿ, ಪ್ರತ್ಯೇಕ ದುರಸ್ತಿ ತಂಡ ಇರುವಲ್ಲಿ, ಲೆಕ್ಕ ಬೇರೆ ಇದ್ದೀತು. ಹತ್ತು ಜನ ಕುಳಿತು ದುಡಿಯುವ ಕಚೇರಿಗೂ, ಗಿರಾಕಿಗಳಿಗೆ ವೈಫೈ ಹಂಚುವ ಹೋಟೆಲಿಗೂ ಬಿಸಿನೆಸ್ ಯೋಜನೆಯೇ ಸರಿ. ಗೃಹಬಳಕೆಯ ಕರಾರಿಗೆ ಸಹಿ ಹಾಕಿ ಅಂಗಡಿ ನಡೆಸುವುದು ಅಗ್ಗವಾದರೂ ನ್ಯಾಯವಲ್ಲ.

ಕೊನೆಗೆ ನಾವು ಗೃಹ ಸಂಪರ್ಕವನ್ನೇ ಉಳಿಸಿಕೊಂಡೆವು. ಆದರೆ ಅಪ್‌ಲೋಡ್ ವೇಗವೂ ಡೌನ್‌ಲೋಡಿನಷ್ಟೇ ಇರುವ ಯೋಜನೆಗೆ ಬದಲಾದೆವು. ಬಿಸಿನೆಸ್ ಯೋಜನೆಗೆ ಕೊಡಬೇಕಿದ್ದ ಹೆಚ್ಚುವರಿ ಹಣದಲ್ಲಿ ಬೇರೆ ಕಂಪೆನಿಯ ಸಿಮ್ ಹಾಕುವ ರೂಟರ್ ಒಂದನ್ನು ತಂದೆವು. ಫೈಬರ್ ತುಂಡಾದರೂ ಟವರ್ ಇರುತ್ತದೆ ಎಂಬ ಭರವಸೆ. ಕರೆಂಟು ಹೋದರೆ ಮೋಡೆಮ್ ಕೂಡ ಆರುತ್ತದೆ; ಅದಕ್ಕೊಂದು ಪುಟ್ಟ ಬ್ಯಾಟರಿ ಜೋಡಿಸಿದೆವು. ಕೆಲಸದ ವೇಳೆಯಲ್ಲಿ ಮಕ್ಕಳ ವೀಡಿಯೊಗಳಿಗೆ ರಜೆ. ಇದು ಮಕ್ಕಳಿಗಿಂತ ಹಿರಿಯರಿಗೇ ಕಷ್ಟವಾಯಿತೆನ್ನಿ.

ಕಂಪೆನಿಯ ಕಡತದಲ್ಲಿ ನಮ್ಮದು ಈಗಲೂ ಗೃಹಬಳಕೆಯ ಸಂಪರ್ಕವೇ. ಅದರಿಂದ ನಷ್ಟವಿಲ್ಲ. ಆದರೆ "ಅವಳು ಮನೆಯಲ್ಲೇ ಇರುತ್ತಾಳಲ್ಲ" ಎಂಬ ಮಾತು ನಮ್ಮ ಮನೆಯಲ್ಲಿ ನಿಂತಿದೆ. ನೆಂಟರು ಬಂದರೆ ಹಗಲಿನ ಚಹಾ ಮಾಡುವವರು ಈಗ ಬೇರೆಯವರು. ಯೋಜನೆಗಳ ಬೆಲೆ ಹೋಲಿಸುವ ಮೊದಲು, ಸಂಪರ್ಕ ಕಡಿದರೆ ಮನೆಯಲ್ಲಿ ಯಾರ ದುಡಿಮೆ ನಿಲ್ಲುತ್ತದೆ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಆಯ್ಕೆ ಅವರದಾಗಿರಲಿ.